ಗಾದಿಯ ಮುಂದೆ ನಿಂತವನು

ಬನಾರಸಿನ ಚೌಕದ ಬಳಿ ಇರುವ ಕುಂಜ್ ಗಲ್ಲಿಯ ಸೀರೆ ಪೇಟೆಗೆ ಹೋದವರೆಲ್ಲ ಒಂದೇ ಬಗೆಯ ಕಥೆ ಹೊತ್ತು ತರುತ್ತಾರೆ. ಚಪ್ಪಲಿ ಬಿಟ್ಟು ಬಿಳಿ ಹಾಸಿನ ಗಾದಿಯ ಮೇಲೆ ಕೂತದ್ದು, ಚಹಾ ಬಂದದ್ದು, ಸೀರೆಗಳು ಒಂದರ ಮೇಲೊಂದು ಬಿಚ್ಚಿಕೊಂಡದ್ದು. ನಾವೂ ಹಾಗೆ ಕೂತು ಬಂದವರೇ. ಚೌಕಾಸಿ ಮಾಡಿ ಒಂದಿಷ್ಟು ಇಳಿಸಿದ ಹೆಮ್ಮೆಯೂ ಇತ್ತು. ಊರಿಗೆ ಮರಳಿ, ಅಬ್ದುಲ್ ಬಿಸ್ಮಿಲ್ಲಾ ಅವರ ಹಿಂದಿ ಕಾದಂಬರಿ ‘ಝೀನಿ ಝೀನಿ ಬೀನಿ ಚದರಿಯಾ’ವನ್ನು (1986) ಮತ್ತೆ ಓದಿದಾಗ ಆ ಹೆಮ್ಮೆ ಉಳಿಯಲಿಲ್ಲ.

ಕಬೀರರ ಪದದಿಂದ ಹೆಸರು ಪಡೆದ ಈ ಕಾದಂಬರಿ ಅದೇ ಗಾದಿಯನ್ನು ಎದುರು ಬದಿಯಿಂದ ತೋರಿಸುತ್ತದೆ. ನೇಯ್ದ ಸೀರೆ ಹಿಡಿದು ಬಂದು ನಿಂತ ಅನ್ಸಾರಿ ನೇಕಾರನ ಕಡೆಯಿಂದ. ಅವನ ಮುಂದೆ ಸೀರೆ ಬಿಚ್ಚುವುದು ಸೊಬಗು ನೋಡಲಿಕ್ಕಲ್ಲ. ಕಲೆಯೋ ತಪ್ಪಿದ ಎಳೆಯೋ ಸಿಕ್ಕರೆ ಕೂಲಿ ಮುರಿಯಲಿಕ್ಕೆ. ಇದಕ್ಕೆ ಅಲ್ಲಿ ‘ಕಟೌತಿ’ ಎನ್ನುತ್ತಾರೆ. ರೇಷ್ಮೆ ‘ಗಿರಸ್ತ’ನದು, ದುಡಿಮೆ ಮತೀನನದು. ನೇಕಾರರನ್ನು ಕೂಡಿಸಿ ಸೊಸೈಟಿ ಕಟ್ಟಹೊರಟ ಮತೀನ್ ಸೋಲುತ್ತಾನೆ. ಅವನಿಗೆ ಅಡ್ಡ ನಿಂತವರಲ್ಲಿ ಹಾಜಿ ಅಮೀರುಲ್ಲಾ ಇದ್ದಾರೆ. ಮತೀನನ ಕಲಿಮಾವನ್ನೇ ಓದುವವರು.

ನಮ್ಮನ್ನು ಕೆಣಕಿದ್ದು ಇದೇ. ನಮ್ಮ ಕಥೆಗಳಲ್ಲಿ ಮೌಲ್ವಿ ಸಲೀಸಾಗಿ ಬರುತ್ತಾನೆ, ಬೈಸಿಕೊಂಡು ಹೋಗುತ್ತಾನೆ. ಕೂಲಿ ಮುರಿಯುವ ಸಾಹುಕಾರ ಮಾತ್ರ ಬಾಗಿಲಲ್ಲೇ ನಿಂತುಬಿಡುತ್ತಾನೆ. ರಮಝಾನಿನಲ್ಲಿ ಝಕಾತ್ ಹಂಚುವವರಲ್ಲವೇ ಎಂಬ ಸಂಕೋಚ ನಮಗೆ! ಬಿಸ್ಮಿಲ್ಲಾ ಅವರಿಗೆ ಆ ಸಂಕೋಚವಿಲ್ಲ.

ತಕರಾರುಗಳಿಲ್ಲವೆಂದಲ್ಲ. ಹಬ್ಬ, ಮದುವೆ, ರೀತಿ ರಿವಾಜುಗಳ ವಿವರ ಕೆಲವೆಡೆ ಕಥೆಯ ಕಾಲಿಗೆ ತೊಡರುತ್ತದೆ. ಆದರೆ ಮಾತು ಪುಸ್ತಕದ ಹಿಂದಿಯಲ್ಲ, ಮದ್ರಸದ ಉರ್ದುವೂ ಅಲ್ಲ, ನೇಕಾರರ ಮನೆಮಾತು. ಉರ್ದು ಓದಿ ಬೆಳೆದ ನಮ್ಮ ಕಿವಿಗೆ ಮೊದಲು ಅದು ಒರಟೆನಿಸಿತ್ತು, ದೋಷ ಕಿವಿಯದು.

2009ರಲ್ಲಿ ಬನಾರಸ್ ಸೀರೆಗೆ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿತು. ಗಾದಿಯ ಮೇಲೆ ಕೂತ ನಮಗೆ ಅದನ್ನು ಹೇಳಿದರು, ನೇಯ್ದವನ ಹೆಸರು ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ಆ ಮಗ್ಗಗಳಿಗೆ ಚೀನಾದ ನೂಲು ನುಗ್ಗುವ ಮೊದಲು ಕರ್ನಾಟಕದ ರೇಷ್ಮೆ ಹೋಗುತ್ತಿತ್ತು. ರಾಮನಗರ, ಶಿಡ್ಲಘಟ್ಟಗಳಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನಿಂದ ಎಳೆ ತೆಗೆಯುವವರಲ್ಲಿ ನಮ್ಮ ಹೆಣ್ಣುಮಕ್ಕಳು ಬಹಳ. ಅವರಿಗೆ ಕೂಲಿ ಕೊಡುವ ರೀಲರುಗಳಲ್ಲೂ ನಮ್ಮವರು ಬಹಳ. ರಾಮನಗರದ ಗೂಡಿನ ಮಾರುಕಟ್ಟೆಗೆ ನಾವು ಎಷ್ಟೋ ಸಲ ಹೋಗಿದ್ದೇವೆ. ಒಂದು ಕಥೆಯನ್ನೂ ಬರೆದಿಲ್ಲ.