‘ಟೇಕ್’ ಕ್ರಿಯಾಪದದ ಅರ್ಥವಿಚಾರ

‘ಟೇಕ್’ ಎಂದರೆ ‘ತೆಗೆದುಕೊ’ ಎಂದಷ್ಟೇ ಬಾಯಿಪಾಠ ಮಾಡಿಸುವ ಪದ್ಧತಿಯನ್ನು ನಾವು ಒಪ್ಪಲಾರೆವು. ‘ಟೇಕ್ ಎ ಬಸ್’ ಎಂದರೆ ಬಸ್ಸು ಹಿಡಿ. ‘ಟೇಕ್ ಎ ಫೋಟೋ’ ಎಂದರೆ ಫೋಟೋ ತೆಗೆ. ‘ಇಟ್ ಟೇಕ್ಸ್ ಟೈಮ್’ ಎಂದರೆ ಹೊತ್ತು ಹಿಡಿಯುತ್ತದೆ. ಕ್ರಿಯಾಪದದ ಅರ್ಥವನ್ನು ಅದರ ಸಂಗಡ ಬರುವ ನಾಮಪದವೇ ಬಹುಮಟ್ಟಿಗೆ ನಿರ್ಣಯಿಸುತ್ತದೆ. ಇದು ಕನ್ನಡಕ್ಕೂ ಹೊಸತಲ್ಲ: ಕಳ್ಳನನ್ನು ಹಿಡಿಯುತ್ತೇವೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ, ಮಳೆಯೂ ಹಿಡಿಯುತ್ತದೆ.

ಕಾರವಾರದ ನೆರೆಯ ಕಾಣಕೋಣದಲ್ಲಿ ಕೊಂಕಣಿ ಮನೆಮಾತಿನ ಮಗು ಚಹಾಕ್ಕೆ ‘ಘೆ’ ಎಂದರೂ ಫೋಟೋಕ್ಕೆ ‘ಕಾಡ್’ ಎನ್ನುತ್ತದೆ. ಇಷ್ಟು ಸೂಕ್ಷ್ಮ ಬಲ್ಲ ಮಗು ‘ಟೇಕ್’ನಲ್ಲಿ ಎಡವಿದರೆ ಅದನ್ನು ದಡ್ಡನೆನ್ನುವುದು ಅನ್ಯಾಯ, ದೋಷ ಬಿಡಿಪದದ ಪಾಠದ್ದು. ಆದುದರಿಂದ ಉಪಾಧ್ಯಾಯರು ಮನೆಮಾತಿನ ಕ್ರಿಯಾಪದದಿಂದ ಹೊರಟು, ವಾಕ್ಯದ ಮೂಲಕವೇ ಅರ್ಥವನ್ನು ಕಲಿಸತಕ್ಕದ್ದು.