ವೀರಗಲ್ಲಿಲ್ಲದವರ ಕಥನ: ಯುದ್ಧೋತ್ತರ ಬದುಕು ಮತ್ತು ಮಲೆಸೀಮೆಯ ಮೌಖಿಕ ಕಾವ್ಯ

ಕನ್ನಡ ನಾಡಿನ ವೀರಪರಂಪರೆಯು ಕಾಳಗದಲ್ಲಿ ಮಡಿದವನಿಗೆ ವೀರಗಲ್ಲನ್ನು ನೆಟ್ಟಿತು. ಕೆಳಗೆ ಕದನ, ನಡುವೆ ಅಪ್ಸರೆಯರೊಡನೆ ಸ್ವರ್ಗಯಾನ, ಮೇಲೆ ದೈವಸಾನ್ನಿಧ್ಯ ಎಂಬ ಪಟ್ಟಿಕೆಗಳ ಕ್ರಮದಲ್ಲಿ ಸಾವಿಗೊಂದು ಅರ್ಥ ದೊರೆಯಿತು. ಬದುಕಿ ಉಳಿದವನ ಒಳಗುದಿಗೆ ಇಂಥ ಶಿಲ್ಪರೂಪವಿಲ್ಲ. ಅದನ್ನು ಹೇಳುವ ಹೊಣೆ ಕಥನದ ಪಾಲಿಗೆ ಬಂದಿತು.

ರನ್ನನ ‘ಗದಾಯುದ್ಧ’ದ ದುರ್ಯೋಧನನು ಈ ದೃಷ್ಟಿಯಿಂದ ಗಮನಾರ್ಹ ಪಾತ್ರ. ಸಂಜಯನೊಡನೆ ರಣಭೂಮಿಯಲ್ಲಿ ನಡೆಯುವ ಅವನು ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳನ್ನು ಕಾಣುತ್ತಾನೆ. ಅವನನ್ನು ಕಾಡುವುದು ಸೋಲು ಮಾತ್ರವಲ್ಲ; ತನ್ನವರು ಅಳಿದ ಮೇಲೂ ತಾನು ಉಳಿದಿರುವ ಸಂಕಟ. ಆದರೆ ಇಲ್ಲಿ ಶೋಕಿಸುವವನು ಅರಸ. ಸಾಮಾನ್ಯ ಪದಾತಿಗೆ ಇಂಥ ಶೋಕದ ಅವಕಾಶವಿಲ್ಲ. ಎಸ್.ಎಲ್. ಭೈರಪ್ಪನವರ ‘ಪರ್ವ’ (1979) ಹಸಿವು, ರೋಗ, ದುರ್ನಾತಗಳ ಮೂಲಕ ಯುದ್ಧವನ್ನು ಸಾಮಾನ್ಯರ ದೇಹಾನುಭವಕ್ಕೆ ಇಳಿಸಿತು; ಯುದ್ಧಾನಂತರದ ಸ್ತ್ರೀಯರ ದುರ್ಗತಿಯನ್ನು ಗೆದ್ದವರ ಮುಂದೆ ಪ್ರಶ್ನೆಯಾಗಿ ನಿಲ್ಲಿಸಿತು.

ಈ ಪ್ರಶ್ನೆಯನ್ನು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಗೆ ಚಿರಪರಿಚಿತವಾದ ಮಲೆ ಮಾದೇಶ್ವರ ಕಾವ್ಯದ ಬಳಿ ಇಟ್ಟು ನೋಡುವುದು ಉಚಿತ. ಕಂಸಾಳೆಯ ದೇವರಗುಡ್ಡರು ಹಾಡುವ ಸಂಕಮ್ಮನ ಸಾಲಿನಲ್ಲಿ ನೀಲೇಗೌಡ ಕಾಡಿಗೆ ಹೊರಡುವ ಮುನ್ನ ಹೆಂಡತಿಯಿಂದ ಬಲಗೈ ಭಾಷೆ ಕೇಳುತ್ತಾನೆ. ಆಕೆ ಒಪ್ಪದಿದ್ದಾಗ ಹಿಂಸಿಸಿ ಬಂಧಿಸುತ್ತಾನೆ. ಮಾದೇಶ್ವರನ ಕೃಪೆಯಿಂದ ಬಿಡುಗಡೆಗೊಂಡ ಆಕೆಗೆ ಕಾರಯ್ಯ, ಬಿಲ್ಲಯ್ಯರು ಜನಿಸುತ್ತಾರೆ. ನೀಲೇಗೌಡ ಬೇಟೆಗಾರ, ಅವನನ್ನು ಯೋಧನೆಂದು ಕರೆಯುವುದು ಬಲವಂತದ ಅರ್ಥೈಕೆಯಾದೀತು. ಆದರೆ ಆಯುಧ ಹಿಡಿದವನ ಅಂಜಿಕೆ, ಸಂಶಯಗಳು ಮನೆಯೊಳಗಿನವಳ ಮೈಮೇಲೆ ಹೇಗೆ ಎರಗುತ್ತವೆ ಎಂಬುದನ್ನು ಕಾವ್ಯ ಸ್ಪಷ್ಟವಾಗಿ ಅರಿತಿದೆ. ಅದು ಗಂಡಿನ ತಳಮಳವನ್ನು ಕ್ಷಮೆಗೆ ಕಾರಣವಾಗಿಸುವುದಿಲ್ಲ. ನೋವುಂಡವಳ ಪಕ್ಷದಲ್ಲಿ ನಿಲ್ಲುತ್ತದೆ. ಯೋಧನ ಮನೋವ್ಯಥೆಯನ್ನು ಚಿತ್ರಿಸುವ ಕಥನಕ್ಕೆ ಈ ಸೀಮೆಯ ಕಾವ್ಯವು ನೀಡುವ ಮಾನದಂಡ ಇದೇ.

ಈ ಮಾನದಂಡ ಕೇವಲ ಸಾಹಿತ್ಯಿಕವಾದುದಲ್ಲ. ವೀರಪ್ಪನ್ ವಿರುದ್ಧದ ಕಾರ್ಯಾಚರಣೆಯ ವರ್ಷಗಳಲ್ಲಿ ಈ ಕಾಡುಗಳು ಘೋಷಣೆಯಿಲ್ಲದ ರಣಭೂಮಿಯಾದವು. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಯಿತು. 1993ರಲ್ಲಿ ಪಾಲಾರ್ ಬಳಿ ನೆಲಬಾಂಬ್ ಸಿಡಿಯಿತು. ಹುತಾತ್ಮರಾದ ಪೊಲೀಸರಿಗೆ ಗೌರವ ಸಂದಿತು. ಜೀವಂತ ಮರಳಿದ ಸಿಬ್ಬಂದಿಯ ನಿದ್ದೆಗೇಡು, ವಿಚಾರಣೆಯ ಹೆಸರಿನಲ್ಲಿ ಹಿಂಸೆಗೊಳಗಾದೆವೆಂದ ಕಾಡಂಚಿನ ಜನರ ಅಳಲು ಇವೆರಡೂ ವೀರಕಥೆಯ ಚೌಕಟ್ಟಿಗೆ ಒಗ್ಗುವಂಥವಲ್ಲ. ಕಾರ್ಯಪಡೆಗಳ ಮೇಲಿನ ಆರೋಪಗಳ ವಿಚಾರಣೆಗೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಸದಾಶಿವ ಸಮಿತಿಯ ಮುಂದೆ ಬಂದ ಹೇಳಿಕೆಗಳು ನ್ಯಾಯದ ದಾಖಲೆಗಳು. ಹಾಗೆಯೇ ಅವು ಯುದ್ಧೋತ್ತರ ಕಥನದ ಮೂಲದ್ರವ್ಯವೂ ಹೌದು. 2004ರಲ್ಲಿ ವೀರಪ್ಪನ್ ಹತನಾದೊಡನೆ ಕಾರ್ಯಾಚರಣೆ ಮುಗಿಯಿತು; ಅದನ್ನು ಅನುಭವಿಸಿದವರ ಬದುಕು ಮುಂದುವರಿಯಿತು.

ಈ ಅನುಭವವನ್ನು ಕಾದಂಬರಿ, ಚಲನಚಿತ್ರಗಳು ಎತ್ತಿಕೊಂಡಾಗ ವಿಮರ್ಶೆಯು ಸಾಹಸವನ್ನು ಅಳೆದು ನಿಲ್ಲಬಾರದು. ಕೋವಿ ಹಿಡಿದವನ ಅಂತರಂಗಕ್ಕೆ ಕೃತಿ ಎಷ್ಟು ಕಿವಿಗೊಟ್ಟಿದೆ, ಅವನ ಮನೆಯವರಿಗೂ ಅವನಿಂದ ನೊಂದವರಿಗೂ ಎಷ್ಟು ಮಾತು ಕೊಟ್ಟಿದೆ ಎಂಬುದನ್ನು ಜೊತೆಜೊತೆಯಾಗಿ ಕೇಳಬೇಕು. ಒಂದನ್ನು ಕೇಳಿ ಇನ್ನೊಂದನ್ನು ಬಿಡುವ ಕೃತಿ ಮತ್ತೊಂದು ವೀರಗಲ್ಲನ್ನಷ್ಟೇ ನೆಡುತ್ತದೆ. ಸಂಕಮ್ಮನ ಸಾಲು ಆ ಎರಡನೆಯ ಪ್ರಶ್ನೆಯನ್ನು ಬಹುಹಿಂದೆಯೇ ಕೇಳಿದೆ.