ಮೊಬೈಲನ್ನು ಬೈದರೆ ಕವಿತೆಯಾಯಿತೆ?

ಕಳೆದ ವರ್ಷ ನಮ್ಮ ಹುಣಸೂರಿನ ಕವಿಗೋಷ್ಠಿಯೊಂದರಲ್ಲಿ ಹದಿನಾಲ್ಕು ಮಂದಿ ಕವನ ಓದಿದರು. ಐದು ಕವನಗಳು ಮೊಬೈಲಿನ ಮೇಲೆ. ಪಿರಿಯಾಪಟ್ಟಣದಿಂದ ಬಂದವರದ್ದೂ ಅದೇ, ಕೆ.ಆರ್. ನಗರದವರದ್ದೂ ಅದೇ: ಮೊಬೈಲು ರಾಕ್ಷಸ, ಟಿವಿ ಮಾರಿ, ತಾಯಿಯ ಮಾತಿಗೆ ಕಿವಿಗೊಡದ ಮಗ. ಸಭಿಕರು ಚಪ್ಪಾಳೆ ತಟ್ಟಿದರು. ತಟ್ಟಿದ ಕೈಗಳೇ ಮರುಗಳಿಗೆ ಜೇಬಿಗಿಳಿದವು. ನನ್ನ ಕೈಯೂ ಇಳಿಯಿತು, ಸುಳ್ಳೇಕೆ ಹೇಳಲಿ.

ಆ ಕವನಗಳು ಹೇಳಿದ್ದು ನಿಜವೇ. ನನ್ನ ತಕರಾರು ಬೇರೆ. ಅವು ತಾವು ಬೈಯುವ ವಸ್ತುವನ್ನೇ ಹೋಲುತ್ತಿದ್ದವು. ನಾಲ್ಕು ಸಾಲು, ಒಂದು ಪ್ರಾಸ, ಕೊನೆಗೊಂದು ಚಮಕು. ಕೇಳಿದೊಡನೆ ಅರ್ಥವಾಗಿ, ಅರ್ಥವಾದೊಡನೆ ಮುಗಿದುಹೋಗುತ್ತಿದ್ದವು. ಸಂಜೆಯೊಳಗೆ ಅವುಗಳಲ್ಲಿ ಎರಡು ನನ್ನ ವಾಟ್ಸಪ್ಪಿಗೇ ಬಂದವು. ಅಷ್ಟರಲ್ಲಿ ಕವಿಯ ಹೆಸರು ಉದುರಿಹೋಗಿತ್ತು.

ಕೆ.ಎಸ್. ನಿಸಾರ್ ಅಹಮದರ 'ಕುರಿಗಳು ಸಾರ್ ಕುರಿಗಳು' ವಾಟ್ಸಪ್ ಹುಟ್ಟುವುದಕ್ಕೆ ದಶಕಗಳ ಮುಂಚಿನ ಕವಿತೆ. ಅದನ್ನು ರಾಜಕೀಯ ವಿಡಂಬನೆಯೆಂದು ಓದುವುದು ರೂಢಿ. ಈಗ ಓದಿದರೆ ಅದು ನಮ್ಮ ಬೆರಳುಗಳ ಮೇಲೆ ಬರೆದದ್ದೆನಿಸುತ್ತದೆ. ಅದರ ಬಲವಿರುವುದು ಕವಿ ನಿಂತ ಜಾಗದಲ್ಲಿ. ಅವರು ಮಂದೆಯ ಹೊರಗೆ ನಿಂತು ಕೈತೋರಿಸುವುದಿಲ್ಲ, ತಮ್ಮನ್ನೂ ಅದರೊಳಗೆ ಎಣಿಸಿಕೊಳ್ಳುತ್ತಾರೆ. ಆ 'ಸಾರ್' ಎಂಬ ಸಂಬೋಧನೆಯಂತೂ ಓದುಗನಿಗೆ ಸಲಾಮು ಹೊಡೆಯುತ್ತಲೇ ಅವನ ಕೊರಳಪಟ್ಟಿ ಹಿಡಿಯುತ್ತದೆ.

ಇದು ಬರೀ ಸಾಹಿತ್ಯದ ಮಾತಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಇಂಜಿನಿಯರೊಬ್ಬನನ್ನು ಜನ ಹೊಡೆದು ಕೊಂದರು. ಅವನ ಜೊತೆಗಿದ್ದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಅವರಿಗಿಂತ ಮುಂದೆ ಓಡಿತ್ತು. ಅದೇ ತಿಂಗಳು ವಾಟ್ಸಪ್ ಕಂಪೆನಿಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದೇ ಕಡೆ ಕಳಿಸಬಹುದೆಂಬ ಮಿತಿ ಘೋಷಿಸಿತು. ಕಂಪೆನಿಗೆ ಐದರ ಲೆಕ್ಕ. ನಿಸಾರರ ಕವಿತೆ ಕೇಳುವುದು ಮೊದಲನೆಯದನ್ನು ಕಳಿಸಿದವನ ಬಗ್ಗೆ.

ಉರ್ದು ಶಾಲೆಯಲ್ಲಿ ಓದಿದ ನನಗೆ ಮುಷಾಯಿರಾದ ರಿವಾಜೊಂದು ನೆನಪಾಗುತ್ತದೆ. ಶಾಯರ್ ಮೊದಲ ಮಿಸ್ರಾ ಹೇಳಿ ನಿಲ್ಲುತ್ತಾನೆ. ಕೇಳುಗರು ಅದನ್ನು ಎತ್ತಿಕೊಂಡು ತಾವೂ ಹೇಳುತ್ತಾರೆ. ಅವನು ಮತ್ತೆ ಅದನ್ನೇ ಹೇಳುತ್ತಾನೆ. ಎರಡನೆಯ ಸಾಲು ಏನಿರಬಹುದೆಂದು ಇಡೀ ಸಭೆ ಕಾಯುತ್ತದೆ. ಹಿಡಿಸಿತೋ, 'ಮುಕರ್ರರ್!' ಅಂದರೆ ಇನ್ನೊಮ್ಮೆ. ನಮ್ಮ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಕಥೆಯನ್ನು ರಾತ್ರಿಯಿಡೀ ಹಾಡುವಾಗಲೂ ಹಿಮ್ಮೇಳದವರು ಸಾಲನ್ನು ಹಿಡಿದು ನಿಲ್ಲಿಸಿಕೊಳ್ಳುತ್ತಾರೆ. ಬೆರಳಿನಿಂದ ಮೇಲಕ್ಕೆ ತಳ್ಳುವ ಪರದೆಯಲ್ಲಿ ಎಲ್ಲವೂ ಇದೆ, ಈ 'ಇನ್ನೊಮ್ಮೆ' ಮಾತ್ರ ಇಲ್ಲ.

ಆ ಗೋಷ್ಠಿಯಲ್ಲಿ ಎಚ್.ಡಿ. ಕೋಟೆ ಕಡೆಯ ಹುಡುಗಿಯೊಬ್ಬಳು ಹೊಗೆಸೊಪ್ಪಿನ ಬ್ಯಾರನ್ ಮುಂದೆ ಅವ್ವನ ಜೊತೆ ಬೆಂಕಿ ಕಾಯುತ್ತ ಕಳೆದ ಇರುಳಿನ ಬಗ್ಗೆ ಓದಿದಳು. ಮೊಬೈಲಿನ ಸುದ್ದಿಯೇ ಇರಲಿಲ್ಲ. ಸೌದೆ ನೂಕುವುದು, ಶಾಖ ನೋಡುವುದು, ತೂಕಡಿಕೆ, ಮತ್ತೆ ಸೌದೆ. ಪದ್ಯ ಕೊಂಚ ಉದ್ದವೇ ಆಯಿತು, ನಡುವೆ ಜಾಳೂ ಇತ್ತು. ಚಪ್ಪಾಳೆ ಕಮ್ಮಿ. ಹಿಂದಿನ ಸಾಲಿನ ಮುದುಕರೊಬ್ಬರು, 'ಆ ಬೆಂಕಿ ಸಾಲು ಇನ್ನೊಂದ್ಸಲ ಓದವ್ವ' ಎಂದರು. ಅವಳು ಏನೋ ತಪ್ಪಾಯಿತೆಂದು ಗಾಬರಿಯಿಂದ ಹಾಳೆ ತಿರುಗಿಸಿ ನೋಡಿಕೊಂಡಳು. ಆಮೇಲೆ ಓದಿದಳು, ಈ ಸಲ ನಿಧಾನವಾಗಿ.